ತಿಕ್ಕುವ ಆಯಿ ಮತ್ತು ಬಿಸಿ ಮಂಚ

ಸೇಡಂ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಹನ್ನೆರಡು ರೆಕ್ಸಿನ್ ಮಂಚಗಳಿದ್ದವು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಊರಿನ ಬೆನ್ನುಗಳೆಲ್ಲ ಪಾಳಿಯ ಪ್ರಕಾರ ಬಂದು ಅವುಗಳ ಮೇಲೆ ಮಲಗಿ ಬೆವರಿ ಹೋಗುತ್ತಿದ್ದವು. ಒಬ್ಬರು ಏಳುವುದೇ ತಡ, ಇನ್ನೊಬ್ಬರು ಮಲಗಬೇಕು. ನಡುವೆ ಒರೆಸುವ ಪದ್ಧತಿ ಇರಲಿಲ್ಲ. ತಲೆಯಿಡುವ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ, ಆ ಕಲೆಗೆ ಅಂಟಿಕೊಂಡ ಯಾರದೋ ಬಿಳಿ ಕೂದಲು. ಕಾಲಿಡುವ ಕಡೆ ಕಾಲುಚೀಲದ ಹುಳಿ ವಾಸನೆ. ಕಿಟಕಿ ತೆರೆದರೆ ಬಿಸಿ ಹೊರಗೆ ಹೋಗುತ್ತದೆಂದು ಎಲ್ಲವನ್ನೂ ಮುಚ್ಚಿಯೇ ಇಡುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಬಸ್ಸಿನ ಸೀಟಿನ ಬಿಸಿ ರೆಕ್ಸಿನ್ ವಾಸನೆ ಮೂಗಿಗೆ ಬಡಿದರೆ ನಾನು ಎದ್ದು ನಿಂತೇ ಹೋಗುತ್ತೇನೆ.

ಅಲ್ಲಿಗೆ ನನ್ನ ಅವ್ವ ನಾಲ್ಕು ತಿಂಗಳು ದಿನಾಲೂ ಹೋದಳು. ಕರೆದುಕೊಂಡು ಹೋಗುತ್ತಿದ್ದವಳು ನಾನೇ.

ಅವ್ವ ಎಂಥವಳೆಂದು ಹೇಳದಿದ್ದರೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತಾಗುವುದಿಲ್ಲ. ಅಪ್ಪ ಹನುಮಂತ ದೇವರ ಗುಡಿಯ ಪೂಜೆಯವರು. ಅವ್ವ ಆ ಗುಡಿಗಿಂತ ಒಂದು ಕೈ ಹೆಚ್ಚು ಶುದ್ಧ. ಕಾಳಗಿಯ ನೆಂಟರ ಮನೆಗೆ ಬಸ್ಸಿನಲ್ಲಿ ಹೋಗಿ ಬಂದರೆ ಮೊದಲು ಬಚ್ಚಲಿಗೆ, ಆಮೇಲೆ ಮಾತು. ಒಣಹಾಕಿದ ಮಡಿ ಸೀರೆಯನ್ನು ಕೋಲಿನಿಂದಲೇ ತೆಗೆಯಬೇಕು, ಮೈಲಿಗೆಯ ಕೈ ತಗಲಿತೋ ಮತ್ತೆ ನೀರಿಗೆ. ತರಕಾರಿ ಕೊಟ್ಟವನ ಕೈಯಿಂದ ಬುಟ್ಟಿಗೆ ಬೀಳಬೇಕೇ ಹೊರತು ಅವಳ ಕೈಗಲ್ಲ. ಹೇಸಿಕೆ ನಮ್ಮ ಮನೆತನದ ಆಸ್ತಿ. ಬಂಗಾರ ಇರಲಿಲ್ಲ, ಹೊಲ ಇರಲಿಲ್ಲ, ಹೇಸಿಕೊಳ್ಳುವುದೊಂದು ಹೇರಳವಾಗಿತ್ತು, ಅದನ್ನು ನನಗೂ ಧಾರಾಳವಾಗಿ ಕೊಟ್ಟಳು.

ಆದರೆ ಮೈ ತಿಕ್ಕಿಸಿಕೊಳ್ಳುವುದಕ್ಕೆ ನಮಗೆ ಒಬ್ಬಳು ಬೇಕಾಗಿತ್ತು. ತೊಂಬತ್ತರ ದಶಕದ ಮೊದಲಲ್ಲಿ ನಾನು ಹೆರಿಗೆಗೆಂದು ತವರಿಗೆ ಬಂದಾಗ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯಲು ಬರುತ್ತಿದ್ದವಳು ಒಬ್ಬ ಮುದುಕಿ. ಮುದುಕಿ ಎಂದರೆ ಆಗ ಐವತ್ತು ದಾಟಿದ್ದಳೇನೋ. ನಾವೆಲ್ಲ ಅವಳನ್ನು ತಿಕ್ಕುವ ಆಯಿ ಅನ್ನುತ್ತಿದ್ದೆವು. ಮೊದಲು ಕಲ್ಲಿನ ಖಣಿಯಲ್ಲಿ ಪರಸಿ, ಅಂದರೆ ಹಾಸುಗಲ್ಲಿನ ಚಪ್ಪಡಿ, ಹೊತ್ತವಳು. ಅತ್ತೆಯಿಂದ ಈ ಕೆಲಸ ಕಲಿತ ಮೇಲೆ ಖಣಿ ಬಿಟ್ಟಿದ್ದಳು. ಊರ ಆಚೆಯ ಓಣಿಯಿಂದ ಬರುತ್ತಿದ್ದಳು. ಆ ಓಣಿಯ ಹೆಸರನ್ನು ಅವ್ವ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗದ್ದ ಎತ್ತಿ ಆ ದಿಕ್ಕು ತೋರಿಸುತ್ತಿದ್ದಳು.

ಅವಳು ಬರುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕ್ರಮ ಇತ್ತು. ಹಿತ್ತಲ ಬಾಗಿಲಿನಿಂದ ನೇರ ಬಚ್ಚಲುಮನೆಗೆ ಬರಬೇಕು, ಹಾಗೇ ಹೋಗಬೇಕು. ಎಣ್ಣೆಯ ಗಿಂಡಿ ಅವ್ವನ ಕೈಯಲ್ಲಿ. ಅವ್ವ ಗಿಂಡಿಯನ್ನು ಒಂದು ಗೇಣು ಮೇಲೆ ಹಿಡಿದು ಆಯಿಯ ಅಂಗೈಗೆ ಸುರಿಯುವಳು, ಗಿಂಡಿಗೂ ಅಂಗೈಗೂ ಸಂಬಂಧವಾಗಬಾರದಲ್ಲ. ಕಾಸಿದ ಎಣ್ಣೆ ಮೇಲಿನಿಂದ ಬಿದ್ದರೆ ಸಿಡಿಯುತ್ತದೆ.

"ಇನ್ನ ಸ್ವಲ್ಪ ಕೆಳಗ ಹಿಡಿರೀ ಅವ್ವಾರ, ಕೂಸಿನ ಕಣ್ಣಿಗಿ ಸಿಡೀತದ," ಅನ್ನುತ್ತಿದ್ದಳು ಆಯಿ.

ಅವ್ವ ಕೂಸಿನ ಕಣ್ಣಿಗೆ ತನ್ನ ಕೈ ಅಡ್ಡ ಹಿಡಿಯುತ್ತಿದ್ದಳೇ ಹೊರತು ಗಿಂಡಿಯನ್ನು ಕೆಳಗೆ ತರುತ್ತಿರಲಿಲ್ಲ. ತಿಕ್ಕುವುದು ಯಾವಾಗಲೂ ಸ್ನಾನಕ್ಕೆ ಮೊದಲು. ಎಣ್ಣೆಯ ಜೊತೆ ಅವಳ ಕೈಯೂ ತೊಳೆದು ಹೋಗಬೇಕು, ಅದಕ್ಕೆ. ಆ ಕೈಗಳು ಹೊಟ್ಟೆಯ ಮೇಲೆ ಬಂದರೆ ಒಳಗಿನ ನೋವೆಲ್ಲ ತಾನೇ ಜಾಗ ಬಿಡುತ್ತಿತ್ತು. ಹೆಬ್ಬೆರಳು ಖಣಿಯ ಕೆಲಸದಿಂದ ಒರಟಾಗಿತ್ತು, ಆದರೆ ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತಿತ್ತು. ಕೂಸನ್ನು ಚಾಚಿದ ಕಾಲುಗಳ ಮೇಲೆ ಬೋರಲು ಹಾಕಿಕೊಂಡು ಅದಕ್ಕೆ ಏನೇನೋ ಊರ ಸುದ್ದಿ ಹೇಳುತ್ತ ತಿಕ್ಕುವಳು, ಕೂಸು ಅಳುವುದನ್ನು ಮರೆತು ಕೇಳುತ್ತಿತ್ತು. ಚಿತ್ತಾಪುರ, ಶಹಾಬಾದಿನಿಂದಲೂ ಅವಳಿಗೆ ಕರೆ ಬರುತ್ತಿತ್ತು, ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಿದ್ದಳು. ಇಷ್ಟೆಲ್ಲ ಇದ್ದರೂ ನಮ್ಮ ಮನೆಯ ನಡುಮನೆ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಇದು ವಿಚಿತ್ರ ಎಂದು ನನಗೆ ಆಗ ಅನಿಸಲೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ನಾನು ಚಿತ್ತಾಪುರದ ಹೈಸ್ಕೂಲಿಗೆ ವರ್ಗ ಮಾಡಿಸಿಕೊಂಡು ಸೇಡಂನಲ್ಲಿ ಅವ್ವನ ಜೊತೆ ಇದ್ದೆ. ಗಂಡ ಬೀದರಿನಲ್ಲಿ ನೌಕರಿ, ಕೂಸು ಬೆಳೆದು ಅವರ ಹತ್ತಿರವೇ ಓದುತ್ತಿತ್ತು, ಇಬ್ಬರೂ ಭಾನುವಾರಕ್ಕೆ ಬರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷ ಆಗಿರಬೇಕು, ಒಂದು ಬೆಳಿಗ್ಗೆ ಅವ್ವ ತುಳಸಿಗೆ ನೀರು ಹಾಕುತ್ತ ತಂಬಿಗೆಯ ಸಮೇತ ಕೆಳಗೆ ಬಿದ್ದಳು. ಲಕ್ವಾ ಹೊಡೆದಿತ್ತು. ಬಲಗಡೆ ಪೂರ್ತಿ ಹೋಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಕಾಲು ಎಳೆದೆಳೆದು ನಡೆಯುವಷ್ಟು ಬಂತು, ಮಾತು ತೊದಲಿದರೂ ತಿಳಿಯುವಷ್ಟು ಬಂತು, ಕೈ ಮಾತ್ರ ಬರಲಿಲ್ಲ. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು: ಬೆರಳುಗಳನ್ನು ದಿನಕ್ಕೆ ನಾಲ್ಕೈದು ಸಲ ಬಿಡಿಸಿ ಮಡಚಿ ಮಾಡಬೇಕು, ಮೊದಲ ಆರು ತಿಂಗಳು ಮುಖ್ಯ, ಆಮೇಲೆ ಕಷ್ಟ.

ಬಲಗೈ ಎಂದರೆ ಅವ್ವನಿಗೆ ಊಟ. ಎಡಗೈಯಿಂದ ಉಣ್ಣುವುದೆಂದರೆ ಅವಳಿಗೆ ಬಚ್ಚಲಲ್ಲಿ ಕೂತು ಉಂಡಂತೆ. ಆಸ್ಪತ್ರೆಯಲ್ಲಿ ನರ್ಸು ಎಡಗೈಗೆ ಚಮಚ ಕೊಟ್ಟರೆ ಅದನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಮುಖ ತಿರುಗಿಸಿ ಮಲಗಿದಳು. ಮನೆಗೆ ಬಂದ ದಿನ ನನಗೆ ಹೇಳಿದ್ದು ಒಂದೇ ಮಾತು.

"ನನಗ ಓಡಾಡೂದು ಬ್ಯಾಡ, ಪೂಜಿ ಮಾಡೂದೂ ಬ್ಯಾಡ. ನನ್ನ ಕೈಲೆ ಒಂದ ತುತ್ತು ಉಂಡ ಸಾಯ್ಲಿ, ಅಷ್ಟ ಮಾಡು."

ನಾನು ಆಯಿಗೆ ಹೇಳಿ ಕಳಿಸಿದೆ. ಅವಳು ಹಿತ್ತಲಿನಿಂದ ಬಂದು, ಅವ್ವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳನ್ನೂ ಎಳೆದು ನೋಡಿದಳು.

"ಕೈ ಸತ್ತಿಲ್ಲರೀ ಅಕ್ಕಾರ, ಮುನಿಸ್ಕೊಂಡದ," ಎಂದಳು ಆಮೇಲೆ. "ಮುನಿಸ್ಕೊಂಡವರು ದಿನಕ್ಕ ಒಮ್ಮಿ ಕರದರ ಬರ್ತಾರೇನ್ರಿ? ಐದ್ ಸಲಾ ಕರೀಬೇಕು. ಮುಂಜಾನಿ ಕರೀಬೇಕು, ಉಂಡ ಮ್ಯಾಲ ಕರೀಬೇಕು, ಸಂಜಿಗಿ ಕರೀಬೇಕು. ನಾ ಇಲ್ಲೇ ಹಿತ್ತಲದಾಗ ಕುಂದರ್ತೀನಿ, ಆಗಾಗ ಬಂದು ತಿಕ್ಕತೀನಿ."

ಅವ್ವ ತೊದಲು ನಾಲಗೆಯಲ್ಲೇ ಕಡ್ಡಿ ಮುರಿದಂತೆ ಹೇಳಿದಳು. "ಸ್ನಾನ ಆದ ಮ್ಯಾಲ ಹ್ಯಾಂಗ ಮುಟ್ಟಸ್ಕೋಲಿ? ಐದ್ ಸಲಾ ಸ್ನಾನ ಮಾಡ್ಲೇನು? ಮುಂಜಾನಿ ಒಂದ ಸಲಾ ಸಾಕು."

ಆಯಿಗೆ ಇದು ಹೊಸದಲ್ಲ. ಅವಳು ನನ್ನ ಕಡೆ ತಿರುಗಿದಳು. "ಹಂಗಾರ ಮುಂಜಾನಿ ನಾ ತಿಕ್ಕತೀನಿ. ಉಳಿದ ನಾಕ ಸಲಾ ನೀವ ಮಾಡ್ರಿ ಅಕ್ಕಾರ. ಮಗಳ ಕೈಗಿ ಏನ ಮೈಲಿಗಿರೀ? ಬರ್ರಿ, ತೋರಸ್ತೀನಿ."

ಮೊದಲು ಮೊಣಕೈ, ಆಮೇಲೆ ಮಣಿಕಟ್ಟು, ಆಮೇಲೆ ಹೆಬ್ಬೆರಳು, ಹೆಬ್ಬೆರಳು ಬಿಟ್ಟರೆ ಉಳಿದ ನಾಲ್ಕು ಸಡಿಲಾಗುತ್ತವೆ. ಜೋರು ಮಾಡಬಾರದು. ಜೋರು ಮಾಡಿದರೆ ಕೈ ಇನ್ನೂ ಬಿಗಿಯುತ್ತದೆ. ಅವಳು ನನ್ನ ಕೈ ಹಿಡಿದು ಮಾಡಿಸಿದಳು, ನಾನು ಕಲಿತೆ. ಕಷ್ಟದ ವಿದ್ಯೆಯೇನಲ್ಲ.

ಒಂದು ವಾರ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೇಸಿಕೆಯಾಗುತ್ತಿತ್ತು. ಆ ಕೈ ತಣ್ಣಗೆ, ಜವುಗು ಜವುಗಾಗಿ, ಯಾರದೋ ಕೈಯ ಹಾಗಿತ್ತು. ಆಯಿ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿ ತಂದ ಎಣ್ಣೆಯ ನಾತ ನನ್ನ ಉಗುರುಗಳಲ್ಲಿ ಕೂತು, ಸಾಲಿಯಲ್ಲಿ ಸೀಮೆಸುಣ್ಣ ಹಿಡಿದರೂ ಹೋಗುತ್ತಿರಲಿಲ್ಲ. ಬೆಳ್ಳುಳ್ಳಿ ನಮ್ಮ ಮನೆಯ ಹೊಸ್ತಿಲು ದಾಟಿದ ವಸ್ತುವಲ್ಲ. ತಿಕ್ಕುವಾಗ ಅವ್ವನ ಬಾಯಿಯ ಬಲತುದಿಯಿಂದ ಜೊಲ್ಲು ಇಳಿದು ನನ್ನ ಮುಂಗೈ ಮೇಲೆ ಬೀಳುತ್ತಿತ್ತು. ಎಂಟನೇ ದಿನ ಪರೀಕ್ಷೆಯ ಪೇಪರು ನೋಡಬೇಕೆಂದು ಬಿಟ್ಟೆ. ಒಂಬತ್ತನೇ ದಿನ ತಲೆನೋವು. ಆಯಿ ಬೆಳಿಗ್ಗೆ ಬಂದು "ನಿನ್ನಿ ಮಾಡಿದ್ರೇನ್ರಿ?" ಎಂದು ಕೇಳಿದರೆ ಮಾಡಿದೆ ಅನ್ನುತ್ತಿದ್ದೆ. ಅವ್ವನ ಕೈ ಹಿಡಿದ ಕೂಡಲೇ ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಮುಖ ನೋಡದೆ ಹೆಚ್ಚು ಹೊತ್ತು ತಿಕ್ಕುತ್ತಿದ್ದಳು.

ಆದರೂ ಎರಡು ತಿಂಗಳು ತುಂಬುವುದರೊಳಗೆ ಆ ಒಂದೇ ಸಲದ ತಿಕ್ಕುವಿಕೆಯಿಂದ ಕೈ ಮಿಸುಕಿತು. ಒಂದು ದಿನ ಬಚ್ಚಲುಮನೆಯ ಹೊಸ್ತಿಲಲ್ಲಿ ಆಯಿ ಅವಲಕ್ಕಿ ಹರಡಿ, "ಹಿಡೀರಿ ಅವ್ವಾರ, ಹಿಡೀರಿ," ಎಂದು ಕೂಸಿಗೆ ಹೇಳುವಂತೆ ಹೇಳುತ್ತಿದ್ದಳು. ಅವ್ವನ ಹೆಬ್ಬೆರಳು ಮತ್ತೆರಡು ಬೆರಳು ಕೂಡಿ ನಾಲ್ಕು ಅವಲಕ್ಕಿ ಕಾಳು ಮೇಲೆ ಬಂದವು. ಬಾಯಿಯವರೆಗೆ ಹೋಗಲಿಲ್ಲ, ದಾರಿಯಲ್ಲೇ ಉದುರಿದವು. ಅವ್ವ ಅತ್ತಳು. ಆಯಿಯೂ ಅತ್ತಳು. ಇದನ್ನು ನಾನು ಸಾಲಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತು ನನ್ನ ಎರಡು ಕಣ್ಣಿನಿಂದ ನೋಡಿದ್ದೇನೆ, ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ಸವಲತ್ತು ನನಗಿಲ್ಲ.

ಬಿಸಿ ಮಂಚ ಬಂದದ್ದು ಇದೇ ಹೊತ್ತಿಗೆ. ಹೈದರಾಬಾದಿನ ಕಡೆಯ ಯಾವುದೋ ಕಂಪನಿ. ಶಹಾಬಾದಿನಲ್ಲಿ ಮೊದಲ ಶಾಖೆ, ವಾಡಿಯಲ್ಲಿ ಎರಡನೆಯದು, ಆಮೇಲೆ ಚಿತ್ತಾಪುರ, ಆಮೇಲೆ ನಮ್ಮೂರು. ಎಲ್ಲ ಕಡೆಗೂ ಅದೇ ಹಸಿರು ಬೋರ್ಡು, ಅದೇ ಮಂಚ, ಅದೇ ಟೈ ಕಟ್ಟಿದ ಯುವಕರು. ಮೊದಲ ಕೆಲವು ವಾರ ಪುಕ್ಕಟೆ, ಆಮೇಲೆ ಚಹಾದ ಖರ್ಚಿನಷ್ಟು. ಮಲಗಿದರೆ ರೆಕ್ಸಿನ್ನಿನ ಕೆಳಗೆ ಬಿಸಿಯಾದ ಕಲ್ಲಿನ ಗುಂಡುಗಳು ಸೊಂಟದಿಂದ ಕುತ್ತಿಗೆಯವರೆಗೆ ಉರುಳಿ ಹೋಗಿ ಬರುತ್ತವೆ, ಅಷ್ಟೇ ಅದರ ಮಹಿಮೆ. ಕಲ್ಲು ತಿಂದು ಕಲ್ಲು ಉಸಿರಾಡುವ ಸೀಮೆ ನಮ್ಮದು. ಏಪ್ರಿಲ್ ತಿಂಗಳಲ್ಲಿ ಯಾವ ಮನೆಯ ಮಾಳಿಗೆಯ ಪರಸಿಯ ಮೇಲೆ ಬೆನ್ನು ಕೊಟ್ಟರೂ ಅದಕ್ಕಿಂತ ಜೋರು ಬಿಸಿ ಸಿಗುತ್ತಿತ್ತು. ಆದರೆ ಪರಸಿಗೆ ಪ್ಲಗ್ ಇಲ್ಲವಲ್ಲ, ಯಾರು ನಂಬುತ್ತಾರೆ?

ಶಹಾಬಾದಿನಿಂದ ಬರುತ್ತಿದ್ದ ನಮ್ಮ ಸಾಲಿಯ ಹಿಂದಿ ಮಾಸ್ತರರು ಹೇಳುತ್ತಿದ್ದರು, ಅಲ್ಲಿ ಫ್ಯಾಕ್ಟರಿಯವರಿಗೆ "ಭಾರ ಎತ್ತಿದ ಬೆನ್ನಿಗೆ" ಎಂದು ಕರೆಯುತ್ತಾರಂತೆ. ನಮ್ಮೂರಿನಲ್ಲಿ ಬೇರೆ ಗಾಳ ಹಾಕಿದರು. ಟೈ ಕಟ್ಟಿದವನು ಚಿಂಚೋಳಿಯ ಗಡಿಯ ಕಡೆಯವನು, ಮಾತಿನಲ್ಲಿ ತೆಲುಗಿನ ಎಳೆತ. ಅವನು ಗುಡಿಯ ಓಣಿಗೆ ಬಂದು, ಚಪ್ಪಲಿ ಬಿಟ್ಟು, ಕೈ ಮುಗಿದು, ಅವ್ವನ ಎದುರಿಗೆ ದೂರದಲ್ಲೇ ಕೂತ.

"ಅಮ್ಮಾರೂ, ನಮ್ಮಲ್ಲಿ ಯಾರ ಕೈಯೂ ನಿಮಗ ತಗಲೂದಿಲ್ಲ," ಎಂದ. "ಮಷೀನ್ ಅದ, ನೀವ ಅದೀರಿ. ನಡುವ ಮತ್ತ ಯಾರೂ ಇಲ್ಲ."

ಆ ಮಾತನ್ನು ಅವನಿಗೆ ಯಾರು ಕಲಿಸಿದ್ದರೋ! ಊರಿಗೆ ಬಂದ ಒಂದೇ ವಾರದಲ್ಲಿ ನಮ್ಮ ಹೊಟ್ಟೆಯೊಳಗಿನದನ್ನು ಓದಿ ಹೇಳಿದ್ದ. ಅವ್ವನ ಕಣ್ಣು ಅರಳಿದವು. ಕೈಯ ರೋಗಕ್ಕೆ ಬೆನ್ನಿನ ಮಂಚ ಯಾಕೆ ಎಂದು ನಾನು ಕೇಳಿದೆ, ಇಲ್ಲವೆನ್ನುವುದಿಲ್ಲ.

"ಟೀಚರಮ್ಮಾ, ಬೆನ್ನೇ ಬೇರು. ಬೇರಿಗಿ ನೀರ ಹಾಕಿದ್ರ ಟೊಂಗಿ ತಾನ ಚಿಗೀತದ," ಎಂದ. ನಾನು ವಿಜ್ಞಾನ ಕಲಿಸುವವಳು. ಆ ಉತ್ತರಕ್ಕೆ ಗೋಣು ಹಾಕಿದೆ.

ಯಾಕೆಂದರೆ ನನಗೂ ಅದು ಬೇಕಾಗಿತ್ತು. ಸಂಜೆ ಐದೂವರೆಗೆ ಗಾಡಿ ಇಳಿದು ಬಂದು, ಅವ್ವನನ್ನು ಆಟೋದಲ್ಲಿ ಹತ್ತಿಸಿ, ಮಾಳಿಗೆಯ ಮೆಟ್ಟಿಲನ್ನು ನಾನೇ ಹಿಡಿದು ಏರಿಸಿ ಮಂಚಕ್ಕೆ ಹಾಕಿಬಿಟ್ಟರೆ ಮುಕ್ಕಾಲು ತಾಸು ನಾನು ಕುರ್ಚಿಯಲ್ಲಿ ಕೂತು ಪೇಪರು ತಿದ್ದಬಹುದು. ಬೆಳ್ಳುಳ್ಳಿ ಎಣ್ಣೆ ಇಲ್ಲ, ಜೊಲ್ಲು ಇಲ್ಲ. ವಕೀಲರ ಮನೆಯವರು, ಬ್ಯಾಂಕಿನವರು, ಮಠದವರು, ಎಲ್ಲ ಒಳ್ಳೆಯ ಮನೆಯವರೇ ಬರುತ್ತಾರೆ. ಅವ್ವನಿಗೆ ಏನೋ ಮಾಡುತ್ತಿದ್ದೇನೆ ಎಂದು ನಾಲ್ಕು ಜನ ನೋಡುತ್ತಾರೆ. ಬಚ್ಚಲುಮನೆಯಲ್ಲಿ ಮಾಡಿದರೆ ಯಾರು ನೋಡುತ್ತಾರೆ?

ಬೆಳಿಗ್ಗೆ ಆಯಿ, ಸಂಜೆ ಮಂಚ, ಎರಡೂ ನಡೆಯಲಿ ಎಂದುಕೊಂಡಿದ್ದೆ. ಟೈಯವನು ಬಿಡಲಿಲ್ಲ. ಹೊರಗಿನ ಮಾಲೀಸು ನಡೆದಿದ್ದರೆ ಮಷೀನಿನ ಗುಣ ಹತ್ತುವುದಿಲ್ಲವಂತೆ, ನರ ಅಡ್ಡ ಬೀಳುತ್ತವೆಯಂತೆ. ಅವ್ವನಿಗೆ ಅಷ್ಟು ಸಾಕಾಯಿತು. ಆಯಿಗೆ ಬೇಡವೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದೆ, ಅದೂ ಸುಳ್ಳು.

"ಡಾಕ್ಟರು ಸದ್ಯ ತಿಕ್ಕಬ್ಯಾಡ ಅಂದಾರ ಆಯಿ. ಬೇಕಾದ್ರ ಹೇಳಿ ಕಳಸ್ತೀನಿ."

"ಯಾಂವ ಡಾಕ್ಟರ ಅಂದಾನ್ರಿ ಹಂಗ? ಈಗರ ಬೆರಳ ಮಾತ ಕೇಳಾಕತ್ತಾವ." ಅವಳು ನನ್ನನ್ನು ನೋಡಿದಳು. ಆಮೇಲೆ ಎಣ್ಣೆಯ ಬಾಟಲಿಯನ್ನು ಹೊಸ್ತಿಲ ಮೇಲಿಟ್ಟಳು. "ನೀವರ ಮಾಡ್ರಿ. ಬಿಡಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ ಬೀಳ್ತೀನಿ, ನಡುವ ಬಿಡಬ್ಯಾಡ್ರಿ."

ತನ್ನದಲ್ಲದ ಕೈಗಾಗಿ ಅವಳು ನನ್ನ ಕಾಲು ಹಿಡಿಯುವ ಮಾತಾಡಿದಳು. ನಾನು ಆಯಿತು ಆಯಿತು ಎಂದು ಬಾಗಿಲು ಹಾಕಿಕೊಂಡೆ. ಬಾಟಲಿಯನ್ನು ಅವ್ವ ತನ್ನ ಕಣ್ಣಿಗೆ ಬೀಳದಂತೆ ಎತ್ತಿಡಿಸಿದಳು.

ಬಿಸಿ ಮಂಚದ ನಾಲ್ಕು ತಿಂಗಳನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಓಕರಿಕೆಯೂ ಬರುತ್ತದೆ. ಮಲಗುವ ಮೊದಲು ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು. ಟೈಯವನು "ಹ್ಯಾಂಗ ಅದೀರಿ?" ಎಂದು ಕೂಗಿದರೆ, "ಭಾಳ ಛಲೋ ಅದೀವಿ!" ಎಂದು ಕೂಗಬೇಕು. ಮೊಣಕಾಲು ಹೋದವರು, ಸಕ್ಕರೆ ಕಾಯಿಲೆಯವರು, ಉಬ್ಬಸದವರು ಎಲ್ಲ ಕೂಡಿ ಭಾಳ ಛಲೋ ಅದೀವಿ ಎಂದು ಕೂಗುವರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಬೇಕು: ನನಗೆ ನಿದ್ದೆ ಬಂತು, ನನಗೆ ಹೊಟ್ಟೆ ಸಾಫಾಯಿತು. ಅವ್ವ ಚಪ್ಪಾಳೆಗೆ ಎಡಗೈಯನ್ನು ತೊಡೆಗೆ ಬಡಿಯುತ್ತಿದ್ದಳು. ಅವಳ ಪಕ್ಕದ ಮಂಚದ ಮುದುಕನೊಬ್ಬ ನಶ್ಯ ಏರಿಸಿ ಸೀನಿ, ಕೈಯನ್ನು ರೆಕ್ಸಿನ್ನಿಗೆ ಒರೆಸಿ ಏಳುತ್ತಿದ್ದ. ಅದೇ ಮಂಚಕ್ಕೆ ಮರುದಿನ ಅವ್ವನ ಪಾಳಿ ಬರುತ್ತಿತ್ತು. ಅವಳು ಮಲಗಲು ಹೋಗುವಾಗ ಹಿಂದಿನವರ ಬೆವರಿನ ಅಚ್ಚು ಇನ್ನೂ ಒದ್ದೆಯಾಗಿ, ಹೆಗಲು ಎಲ್ಲಿ ಸೊಂಟ ಎಲ್ಲಿ ಎಂದು ತೋರುತ್ತಿತ್ತು. ಅವ್ವ ಅದರ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದಳು. ಮನೆಗೆ ಬಂದು ಸ್ನಾನ ಕೂಡ ಇಲ್ಲ!

ನಾನು ಒಮ್ಮೆ ತಡೆಯಲಾರದೆ ಕೇಳಿದೆ. "ಅವ್ವಾ, ಅಷ್ಟ ಜನರ ಬೆವರಿನ್ಯಾಗ ಮಲಗತೀಯಲ್ಲ, ಮೈಲಿಗಿ ಆಗೂದಿಲ್ಲೇನು?"

"ರೆಕ್ಸಿನ್ನಿಗಿ ಮೈಲಿಗಿ ಇಲ್ಲ," ಎಂದಳು ಅವ್ವ. ಉಣ್ಣೆಯ ಧಾಬಳಿಗೆ ಇಲ್ಲ, ರೇಷ್ಮೆಯ ಪಟ್ಟೆಗೆ ಇಲ್ಲ, ಹಾಗೇ ರೆಕ್ಸಿನ್ನಿಗೂ ಇಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಬೆವರು ಯಾರದೆಂದು ಗೊತ್ತಿಲ್ಲದಿದ್ದರೆ ಅದು ಬರೀ ನೀರು. ಕೈ ಯಾರದೆಂದು ಗೊತ್ತಿದ್ದರೆ ಮಾತ್ರ ಮೈಲಿಗೆ. ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾರದ ತಪ್ಪನ್ನು ನಮ್ಮಂಥವರು ಹೀಗೆ ಶಾಸ್ತ್ರೋಕ್ತವಾಗಿ ಮಾಡುತ್ತೇವೆ.

ಆ ನಾಲ್ಕು ತಿಂಗಳಲ್ಲಿ ಗುಂಡುಗಳು ಅವಳ ಬೆನ್ನನ್ನು ಚೆನ್ನಾಗಿಯೇ ಉಜ್ಜಿದವು. ಕೈ ಹೊಟ್ಟೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು. ಮೊದಲು ಮೂರು ಬೆರಳು ಮತ್ತೆ ಸುಮ್ಮನಾದವು, ಆಮೇಲೆ ಒಳಗೆ ಬಾಗಿದವು, ಆಮೇಲೆ ಮುಷ್ಟಿ ಕಟ್ಟಿತು. ಮುಷ್ಟಿ ಕಟ್ಟಿದ್ದನ್ನು ಟೈಯವನಿಗೆ ತೋರಿಸಿದರೆ, ಶಕ್ತಿ ಬರುತ್ತಿರುವ ಲಕ್ಷಣ ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ವಾರ ಅವನು ಮನೆಗೇ ಒಂದು ಮಂಚ ತೆಗೆದುಕೊಳ್ಳಿ ಎಂದು ಗಂಟುಬಿದ್ದ. ಊರಿನಲ್ಲಿ ಕೊಳ್ಳುವಷ್ಟು ಜನ ಕೊಂಡಾದ ಮೇಲೆ ಒಂದು ಸೋಮವಾರ ಹೋಗಿ ನೋಡಿದರೆ ಮೇಲೆ ಬೀಗ. ಚಿಂಚೋಳಿಯಲ್ಲಿ ಹೊಸ ಶಾಖೆ ತೆರೆದಿದ್ದಾರೆ ಎಂದು ಕೆಳಗಿನ ಬಟ್ಟೆ ಅಂಗಡಿಯವರು ಹೇಳಿದರು.

ಅದಾಗಿ ಕೆಲವೇ ದಿನಕ್ಕೆ ಮನೆಯಲ್ಲಿ ಒಂದು ಕೆಟ್ಟ ವಾಸನೆ ಶುರುವಾಯಿತು. ಇಲಿ ಸತ್ತಿರಬೇಕೆಂದು ಅಟ್ಟ ಹುಡುಕಿದೆ, ಅಕ್ಕಿಯ ಡಬ್ಬಿ ಸರಿಸಿದೆ. ಅವ್ವ ಊದುಬತ್ತಿ ಹಚ್ಚಲು ಹೇಳಿದಳು. ಎರಡು ದಿನ ಹುಡುಕಿದ ಮೇಲೆ, ಅವಳಿಗೆ ಅನ್ನ ತಿನ್ನಿಸಲು ಹತ್ತಿರ ಕೂತಾಗ ತಿಳಿಯಿತು, ವಾಸನೆ ಅವಳ ಬಲಗೈಯಿಂದ ಬರುತ್ತಿತ್ತು. ಮುಷ್ಟಿ ಬಿಡಿಸಲು ನೋಡಿದೆ, ಅವ್ವ ಚೀರಿದಳು. ನಾನು ಕೈ ಬಿಟ್ಟು ಹೊರಗೆ ಹೋಗಿ ತುಳಸಿಕಟ್ಟೆಯ ಹತ್ತಿರ ಬಗ್ಗಿ ಕಾರಿಕೊಂಡೆ.

ಆ ದಿನ ನಾನೇ ಊರ ಆಚೆಯ ಓಣಿಗೆ ಹೋದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಆಯಿಯ ಮನೆ ಎರಡು ಅಂಕಣದ್ದು, ನೆಲದ ಪರಸಿ ಮುಖ ಕಾಣುವಷ್ಟು ತೊಳೆದಿತ್ತು, ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಒಂದು ತಾಜಾ ಹೂವು. ಅವಳು ನನ್ನನ್ನು ಕಂಡು ಗಡಬಡಿಸಿ ಚಾಪೆ ಕೊಡವಿ ಹಾಕಿದಳು, "ಕುಂದ್ರಿ ಅಕ್ಕಾರ" ಎಂದಳು, ಸ್ಟೀಲಿನ ತಂಬಿಗೆಯಲ್ಲಿ ನೀರು ತಂದಳು. ಬಿಸಿಲಲ್ಲಿ ನಡೆದು ಹೋಗಿದ್ದೆ, ಗಂಟಲು ಒಣಗಿತ್ತು.

"ಈಗಷ್ಟ ಕುಡದ ಬಂದೀನಿ," ಎಂದೆ.

ಅವಳು ತಂಬಿಗೆಯನ್ನು ಹಾಗೇ ಒಳಗಿಟ್ಟು ಬಂದು, ಏನಾಯಿತೆಂದು ಕೇಳಿದಳು, ಕೇಳಿ ಸೆರಗು ಹೊದ್ದು ನನ್ನ ಜೊತೆ ಹೊರಟಳು. ದಾರಿಯಲ್ಲಿ ಹೇಳಿದಳು, ಈಗ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ದಿನಾ ಹೋಗುತ್ತಾಳಂತೆ, ಪರವೂರಿನ ಎಂಜಿನಿಯರರ ಮನೆಗಳಲ್ಲಿ ಕೂಸುಗಳಿಗೆ ಎಣ್ಣೆ ತಿಕ್ಕಲು. ಸೇಡಂನಲ್ಲಿ ಮೊದಲಿನಷ್ಟು ಕರೆ ಇಲ್ಲವಂತೆ, ಎಲ್ಲರೂ ಮಂಚಕ್ಕೆ ಹೋದರಂತೆ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನಮ್ಮ ಮನೆಯಲ್ಲಿ ಅವ್ವ ನಡುಮನೆಯ ಹಾಸಿಗೆಯಲ್ಲಿದ್ದಳು, ಕೈಯ ನೋವಿಗೆ ಏಳುವ ಸ್ಥಿತಿ ಇರಲಿಲ್ಲ. ಆಯಿ ಹಿತ್ತಲಿನಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಒಳಗೆ ಬಾ ಎಂದೆ. ಬಿಸಿನೀರಿನ ಬಟ್ಟೆ ಸುತ್ತಿ ಸುತ್ತಿ, ಹೆಬ್ಬೆರಳಿನಿಂದ ಶುರು ಮಾಡಿ, ಅರ್ಧ ತಾಸು ಹಿಡಿದು ಅವಳು ಆ ಮುಷ್ಟಿಯನ್ನು ಎರಡು ಬೆರಳಿನಷ್ಟು ತೆರೆದಳು. ಉಗುರು ಬೆಳೆದು ಅಂಗೈಯೊಳಗೆ ಇಳಿದಿದ್ದವು. ಒಳಗೆಲ್ಲ ಬೆಳ್ಳಗೆ ಕೊಳೆತು, ಕೀವು ಕಟ್ಟಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಅವ್ವ ತಾನೇ ಮುಖ ಅತ್ತ ತಿರುಗಿಸಿದ್ದಳು. ಆ ಕೋಣೆಯಲ್ಲಿ ಹೇಸಿಕೊಳ್ಳದಿದ್ದವಳು ಒಬ್ಬಳೇ. ಆಯಿ ಕೀವನ್ನು ಬಟ್ಟೆಯಿಂದ ತೆಗೆದು, ಉಗುರು ಕತ್ತರಿಸಿ, ಅರಿಶಿಣ ತುಂಬಿ, ನಡುವೆ ಅರಳೆ ಇಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡು ಕೂತಳು.

"ಆಯಿ, ಇನ್ನ ದಿನಾ ಬಾ," ಎಂದೆ. "ಐದ್ ಸಲಾನೂ ನೀನ ತಿಕ್ಕು. ಸ್ನಾನ ಗೀನ ಏನೂ ಇಲ್ಲ."

"ತಡಾ ಆತ್ರೀ ಅಕ್ಕಾರ. ಇನ್ನ ಇದು ಬರೂದಿಲ್ಲ." ಅವಳು ಅವ್ವನ ಮುಖ ನೋಡದೆ ಹೇಳಿದಳು. "ವಾರಕ್ಕೊಮ್ಮಿ ಬಂದು ಸ್ವಚ್ಛ ಮಾಡಿ ಹೋಗ್ತೀನಿ, ಹುಣ್ಣಾಗಬಾರದು. ಅವ್ವಾರಿಗಿ ಎಡಗೈಲೆ ಉಣ್ಣಾಕ ಕಲಸ್ರಿ."

ನಾನು ಅಳುತ್ತಿದ್ದೆ. ಮಾತು ಬದಲಿಸಲಿಕ್ಕೆಂದು ಅವಳು ಸಣ್ಣಗೆ ನಕ್ಕಳು. "ಆ ಮಂಚದಾಗ ಅಂಥಾದ್ದೇನದ ನೋಡಬೇಕಂತ ನಾನೂ ಒಂದಿನ ಹೋಗಿ ಮಲಗಿದ್ನಿರೀ. ಪುಕ್ಕಟೆ ಇತ್ತಲ್ಲ. ಏಳೂದರಾಗ ಅವ್ವಾರದ ಪಾಳಿ. ನಾ ಮಾರಿ ತುಂಬ ಸೆರಗ ಹೊಚಗೊಂಡು ಹೊರಗ ಬಂದೆ. ನನ್ನ ಗುರುತ ಹಿಡದ್ರ ಅವ್ವಾರು ಮಲಗದ ಎದ್ದ ಹೋಗ್ತಾರ, ಪಾಪ, ಗುಣಾ ಆಗೂದು ತಪ್ಪತದ ಅಂತ."

ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದಳು, ಕೇಳಿಸಿಕೊಂಡಿದ್ದಳು. ತೊದಲುತ್ತ, ಆದರೆ ಸ್ಪಷ್ಟವಾಗಿ, ನನಗೆ ಹೇಳಿದಳು.

"ನೀರ ಕಾಯಸು. ಸ್ನಾನ ಮಾಡಸು."

ಆಯಿ ಎದ್ದು ನಿಂತಳು. "ಕಾಯಸ್ರಿ ಅಕ್ಕಾರ," ಎಂದಳು. "ಅರಿಶಿ‌ಣಕ್ಕ ನೀರ ತಾಗಸಬ್ಯಾಡ್ರಿ ಅಷ್ಟ."

ಅವಳು ಹಿತ್ತಲಿನಿಂದ ಹೋದಳು. ನಾನು ನೀರು ಕಾಯಿಸಿದೆ. ಅವ್ವನನ್ನು ಎರಡು ಕೈಯಿಂದ ಎತ್ತಿ ಬಚ್ಚಲಿಗೆ ಒಯ್ದು, ಬಲಗೈಯನ್ನು ಮೇಲೆ ಹಿಡಿದು, ಹೇಳಿದಂತೆ ತಲೆಯ ಮೇಲಿಂದ ಎರೆದೆ.

ಅವ್ವ ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದಳು. ಎಡಗೈಯಿಂದ ಉಣ್ಣಲು ಕೊನೆಯವರೆಗೆ ಒಪ್ಪಲಿಲ್ಲ. ಸಾಲಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ನಾನೇ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಅವಳು ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದಳು. ನೋಡಿದವರು ಎಂಥ ಮಗಳು, ಪುಣ್ಯವಂತೆ ಅನ್ನುತ್ತಿದ್ದರು. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ಕೈ ಅವಳಿಗೆ ಹೇಸಿಕೆಯಾಗಲಿಲ್ಲ. ಆಗಬೇಕಾಗಿತ್ತು.